ಹೆಬ್ಬೆರಳು

ನೀರೊಳಗೆ ಹೆಬ್ಬೆರಳೆತ್ತಿದರೆ ‘ಚೆನ್ನಾಗಿದೆ’ ಅಂತಲ್ಲ,
‘ಸಾಕು, ಮೇಲೆ ಹೋಗೋಣ’ ಅಂತ.
ಚೆನ್ನಾಗಿದ್ದರೆ ಎರಡು ಬೆರಳು ಕೂಡಿಸಿ
ಸೊನ್ನೆ ಮಾಡಬೇಕು.
ಇಷ್ಟನ್ನು ಆರು ವರ್ಷದಿಂದ ಹೇಳುತ್ತಿದ್ದೇನೆ
ಕೋಯಿಪಾಡಿಯ ಈ ರೆಸಾರ್ಟಿನ ಹಿಂದಿನ ಶೆಡ್ಡಿನಲ್ಲಿ,
ಹುಬ್ಬಳ್ಳಿಯವರಿಗೆ ಕನ್ನಡ, ಕಣ್ಣೂರಿನವರಿಗೆ ಮಲಯಾಳ,
ಮಂಗಳೂರಿನ ಪಡ್ಡೆಗಳಿಗೆ
ತುಳುವಿನಲ್ಲಿ, ಸ್ವಲ್ಪ ಗದರಿಸಿ.

ನನ್ನ ಕೆಲಸ ದಡದ್ದು.
ಅರ್ಜಿ ತುಂಬಿಸುವುದು: ಎದೆನೋವುಂಟೆ, ದಮ್ಮುಂಟೆ,
ಬಸುರಿಯೆ? (ಇದನ್ನು ಅತ್ತೆಯ ಎದುರು ಕೇಳಬಾರದು.)
ಕನ್ನಡಕದ ಗಾಜಿಗೆ ಉಗುಳಿ ಉಜ್ಜಿಸುವುದು,
ಅವರವರದ್ದಕ್ಕೆ ಅವರವರೇ.
ಎಂಜಲೆಂದರೆ ಮಾರುದೂರ ಹಾರುವವರೂ
ಮಂಜು ಕಟ್ಟುತ್ತದೆ ಅಂದರೆ
ತೆಪ್ಪಗೆ ಉಗುಳುತ್ತಾರೆ.

ಸಂಜೆ ರಬ್ಬರಿನ ಅಂಗಿಗಳನ್ನು ಸಿಹಿನೀರಲ್ಲದ್ದಿ
ಒಳಹೊರಗು ತಿರುವಿ ತೊಳೆಯುತ್ತೇನೆ.
ಯಾರು ಹೆದರಿ ಉಚ್ಚೆ ಹೊಯ್ದುಕೊಂಡರು
ನನಗೆ ತಿಳಿಯುತ್ತದೆ; ಹೇಳುವುದಿಲ್ಲ.
ತಂತಿಗೆ ಹಾಕಿದರೆ
ತಲೆಯಿಲ್ಲದ ಹದಿನಾಲ್ಕು ಮಂದಿ
ಗಾಳಿಗೆ ಕೈ ಬೀಸುತ್ತ ನಿಲ್ಲುತ್ತಾರೆ
ಕುಂಬಳೆಯ ಕೊನೆಯ ಬಸ್ಸು ತಪ್ಪಿದವರ ಹಾಗೆ.

ಕೌಂಟರಿನ ಚಿತ್ರದಲ್ಲಿ ನೀಲಿ ನೀರು, ಹವಳ, ಗಿಳಿಬಣ್ಣದ ಮೀನು.
ಅದು ಇಲ್ಲಿಯದಲ್ಲ. ಮುತ್ತುಕೋಯನ ಊರಿನದು,
ಕಡಮತ್ ದ್ವೀಪದ್ದು, ಅವನೇ ತೆಗೆದದ್ದು.
ಇಲ್ಲಿಯದು ಗಂಜಿತೆಳಿ. ಎರಡು ಮಾರು ಕಂಡರೆ ಪುಣ್ಯ.
ಯಾವ ಮೀನುಂಟು ಕೆಳಗೆ, ಅಂತ ಹುಬ್ಬಳ್ಳಿಯವರು ಕೇಳಿದರೆ
‘ಕಾಣೆ’ ಅನ್ನುತ್ತೇನೆ.
ಸುಳ್ಳಲ್ಲ ನೋಡಿ,
ಹಾಗೊಂದು ಮೀನುಂಟು ನಮ್ಮಲ್ಲಿ.

ಇದೇ ಬಂಡೆಗೆ ಕೊಗ್ಗ ಮಾವ ಪಚ್ಚಿಲೆ ಕೀಳಲು ಮುಳುಗುತ್ತಿದ್ದ,
ಸೊಂಟಕ್ಕೊಂದು ಬಲೆಚೀಲ, ಕೈಯಲ್ಲೊಂದು ಉಳಿ.
ದಡದಲ್ಲಿ ನಾನು ಎಣಿಸಬೇಕು,
ನೂರಾದರೆ ಕೂಗಬೇಕು.
ಕೂಗಿದರೂ ಅವನಿಗೆ ಕೇಳುವುದಿಲ್ಲ ಅಂತ
ಆಗ ಹೊಳೆದೇ ಇರಲಿಲ್ಲ.

ಮೇ ಇಪ್ಪತ್ತೆಂಟು. ಸೀಸನ್ನಿನ ಕೊನೆಯ ದೋಣಿ.
ಬೆಳಗಾವಿಯ ಮದುಮಗಳಿಗೆ ತಲೆ ಸುತ್ತಿ ಒಂದು ಜಾಗ ಖಾಲಿ.
‘ಕುಸುಮಕ್ಕಾ ಬಾ, ಸಿಲಿಂಡರ್ ತುಂಬಿಯಾಗಿದೆ,
ಗಾಳಿ ಯಾಕೆ ದಂಡ ಮಾಡುವುದು’ ಅಂದ ಮುತ್ತುಕೋಯ.
ದಿನಾ ತೊಳೆಯುವ ಅಂಗಿ
ತೊಡುವುದು ಹೇಗೆಂದು ಗೊತ್ತಿರಲಿಲ್ಲ.
ಕರಿಮಣಿ ಬಿಚ್ಚಿ ಒಂಬತ್ತನೇ ಪೆಟ್ಟಿಗೆಯಲ್ಲಿಟ್ಟೆ,
ಹದಿನೇಳು ವರ್ಷದಲ್ಲಿ ಮೊದಲ ಸಲ.
ಗಾಜಿಗೆ ಉಗುಳಿದೆ.

ಹಸಿರು. ಮತ್ತೂ ಹಸಿರು.
ಮೂಗು ಹಿಡಿದು ಊದಿ ಕಿವಿ ಬಿಡಿಸಿಕೊಂಡೆ.
ಅಷ್ಟರಲ್ಲಿ ಕೇಳಿತು:
ಎಳೆದರೆ ಒಂದು ಸದ್ದು, ಬಿಟ್ಟರೆ ಗುಳುಗುಳು.
ಮಿಕ್ಸಿಯ, ಹೆದ್ದಾರಿಯ, ಬೋಟಿನ ಇಂಜಿನ್ನಿನ,
ಅವರ ಗೊರಕೆಯ ಅಡಿಯಲ್ಲಿ
ಇದೊಂದು ಇಷ್ಟು ಕಾಲ ನಡೆದೇ ಇತ್ತು ಅಂತ
ಯಾರೂ ನನಗೆ ಹೇಳಿರಲಿಲ್ಲ.
ಎಣಿಸತೊಡಗಿದೆ, ಅಭ್ಯಾಸಬಲ.
ಎಲ್ಲಿಯೋ ಮೂವತ್ತರ ಹತ್ತಿರ ಬಿಟ್ಟುಹೋಯಿತು.

ಬಂಡೆ ಬಂತು. ಪಚ್ಚಿಲೆ, ಗೊಂಚಲು ಗೊಂಚಲು,
ಕೂದಲೆಳೆಯಷ್ಟು ಬಾಯಿ ತೆರೆದು
ಒಟ್ಟಿಗೇ ಕಡಲು ಕುಡಿಯುತ್ತಿದ್ದವು.
ಸಾರಿನಲ್ಲಷ್ಟೇ ಅವು ಬಾಯಿಬಿಟ್ಟದ್ದು ಕಂಡವಳು ನಾನು!
ನೆರಳು ಬಿದ್ದದ್ದೇ, ಮುಚ್ಚಿಕೊಂಡವು,
ಸಾಲ ಕೇಳಲು ಬಂದವಳ ಕಂಡ ಹಾಗೆ.
ನಗು ಬಂತು. ನಕ್ಕರೆ ಕನ್ನಡಕಕ್ಕೆ ನೀರು ನುಗ್ಗುತ್ತದೆ.
ತಿರುಗಿ ಮುತ್ತುಕೋಯನಿಗೆ
ಹೆಬ್ಬೆರಳೆತ್ತಿ ತೋರಿಸಿದೆ.

ಅವನು ತಲೆಯಾಡಿಸಿ, ತೋಳು ಹಿಡಿದು,
ಮೆಲ್ಲಗೆ ಮೇಲೆ ತಂದ.
ಬಿಸಿಲು, ಡೀಸೆಲ್ ವಾಸನೆ, ಕಾಗೆ.
‘ಹೆದರಿಕೆಯಾಯಿತೇ?’ ಅಂದ.
ಹೌದೆಂದೆ. ಆರು ವರ್ಷ ಊರಿಗೆಲ್ಲ ಪಾಠ ಹೇಳಿದವಳು
ಬೇರೇನು ಹೇಳಲಿ.
ಪುಸ್ತಕದಲ್ಲಿ ಬರೆದುಕೊಂಡ: ನಾಲ್ಕು ನಿಮಿಷ.

ಸಂಜೆ ಹದಿನೈದು ಅಂಗಿ ತೊಳೆದೆ.
ಬಲಗಿವಿಯಲ್ಲಿ ಇನ್ನೂ ನೀರು.
ಮನೆಯಲ್ಲಿ ಕರೆದದ್ದು ಅರ್ಧ ಕೇಳುತ್ತದೆ, ಅರ್ಧ ಇಲ್ಲ.
ಎರಡು ದಿನದಲ್ಲಿ ಇಳಿದುಹೋಗುತ್ತದಂತೆ.
ಹೋಗಲಿ. ಅವಸರವೇನಿಲ್ಲ.